ಓಮ್‌ನ ಎಂಟು ತಂತಿಗಳು: ವಿದ್ಯುತ್ ಪ್ರವಾಹದ ಅಳತೆ ಮತ್ತು ಪರಿಭಾಷೆಯ ಚರಿತ್ರೆ

ಶಾಲಾ ಪಠ್ಯದಲ್ಲಿ ಓಮ್‌ನ ನಿಯಮವು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ವಿಭವಾಂತರವನ್ನು ರೋಧದಿಂದ ಭಾಗಿಸಿದರೆ ಪ್ರವಾಹ ದೊರೆಯುತ್ತದೆ. ಈ ಸಾಲು ಮೂರು ಪರಿಮಾಣಗಳನ್ನು ಮೊದಲೇ ಸಿದ್ಧವಾಗಿದ್ದವೆಂಬಂತೆ ಬಳಸುತ್ತದೆ. ಆದರೆ 1826ರಲ್ಲಿ ಗೇಯೋರ್ಗ್ ಸಿಮೋನ್ ಓಮ್ ತನ್ನ ಪ್ರಯೋಗವನ್ನು ನಡೆಸಿದಾಗ ಈ ಮೂರರಲ್ಲಿ ಯಾವುದಕ್ಕೂ ಸರ್ವಸಮ್ಮತವಾದ ಮಾನವಿರಲಿಲ್ಲ. ಒಂದಕ್ಕಂತೂ ನೆಟ್ಟಗಿನ ಹೆಸರೂ ಇರಲಿಲ್ಲ. ಮಾನವಿಲ್ಲದ ವಸ್ತುವನ್ನು ಅಳೆದದ್ದು ಹೇಗೆ, ಹಾಗೆ ಅಳೆದದ್ದನ್ನು ಪರಭಾಷೆಯ ವಿದ್ವಾಂಸರು ಒಪ್ಪಿದ್ದು ಹೇಗೆ ಎಂಬ ಎರಡು ಪ್ರಶ್ನೆಗಳನ್ನು ಒಟ್ಟಿಗೆ ನೋಡುವುದು ಈ ಲೇಖನದ ಉದ್ದೇಶ.

ಈ ಶಾಸ್ತ್ರವು ಆರಂಭದಿಂದಲೂ ಭಾಷೆಗಳ ಗಡಿಯನ್ನು ದಾಟುತ್ತಲೇ ಬೆಳೆದಿದೆ. ಅಲೆಸ್ಸಾಂಡ್ರೊ ವೋಲ್ಟಾ ಇಟಲಿಯವನು. ತಾಮ್ರ ಅಥವಾ ಬೆಳ್ಳಿ, ಸತು ಮತ್ತು ಉಪ್ಪುನೀರಿನಲ್ಲಿ ನೆನೆಸಿದ ರಟ್ಟುಗಳನ್ನು ಒಂದರ ಮೇಲೊಂದು ಪೇರಿಸಿದ ತನ್ನ ವಿದ್ಯುತ್ಕೋಶದ ಸುದ್ದಿಯನ್ನು ಅವನು 1800ರ ಮಾರ್ಚ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ತಿಳಿಸಿದ್ದು ಫ್ರೆಂಚ್ ಭಾಷೆಯ ಪತ್ರದಲ್ಲಿ. ಡೆನ್ಮಾರ್ಕಿನ ಎರ್ಸ್ಟೆಡ್, ಪ್ರವಾಹ ಹರಿಯುವ ತಂತಿಯ ಬಳಿ ಕಾಂತಸೂಜಿ ತಿರುಗುವುದನ್ನು ಕಂಡು, 1820ರ ಜುಲೈ ತಿಂಗಳಲ್ಲಿ ಲ್ಯಾಟಿನ್ ಕಿರುಹೊತ್ತಗೆಯೊಂದನ್ನು ಅಚ್ಚು ಹಾಕಿಸಿ ಯುರೋಪಿನ ವಿದ್ವಾಂಸರಿಗೆ ಕಳುಹಿಸಿದನು. ಎರಡೇ ತಿಂಗಳೊಳಗೆ ಪ್ಯಾರಿಸ್ಸಿನಲ್ಲಿ ಆಂಪಿಯರ್, ಹಾಲೆಯಲ್ಲಿ ಶ್ವೈಗರ್ ಆ ಕೆಲಸವನ್ನು ಮುಂದುವರಿಸಿದ್ದರು. ತಂತಿಯನ್ನು ಸೂಜಿಯ ಸುತ್ತ ಹಲವು ಸುತ್ತು ಸುತ್ತಿದರೆ ಪರಿಣಾಮವೂ ಹೆಚ್ಚುತ್ತದೆಂದು ಶ್ವೈಗರ್ ತೋರಿಸಿದನು. ಆಂಪಿಯರ್‌ನ ಕೊಡುಗೆ ಇನ್ನೂ ಮೂಲಭೂತವಾದುದು. ಮಂಡಲ ತೆರೆದಿರುವಾಗ ತೋರುವ ವಿದ್ಯುತ್ ಬಿಗಿತವೇ ಬೇರೆ, ಮುಚ್ಚಿದಾಗ ಉಂಟಾಗುವ ಪ್ರವಾಹವೇ ಬೇರೆ ಎಂದು ಅವನು ವಿಂಗಡಿಸಿದನು. ಪ್ರವಾಹವನ್ನು ತೋರಿಸುವ ಉಪಕರಣಕ್ಕೆ ಗ್ಯಾಲ್ವನೋಮೀಟರ್ ಎಂಬ ಹೆಸರನ್ನೂ ಸೂಚಿಸಿದನು. ಅಳತೆಗಿಂತ ಮೊದಲು ಪದವಿಭಾಗ ನಡೆಯಿತು ಎಂಬುದನ್ನು ವಿಜ್ಞಾನದ ಚರಿತ್ರೆಗಳು ಸಾಮಾನ್ಯವಾಗಿ ಹಗುರವಾಗಿ ದಾಟಿಬಿಡುತ್ತವೆ.

ಓಮ್ ಎರ್ಲಾಂಗೆನ್ನಿನ ಬೀಗದ ಕೆಲಸಗಾರನ ಮಗ. 1817ರಿಂದ ಕಲೋನ್ ನಗರದ ಪ್ರೌಢಶಾಲೆಯೊಂದರಲ್ಲಿ ಗಣಿತ ಮತ್ತು ಭೌತವಿಜ್ಞಾನದ ಉಪಾಧ್ಯಾಯ. ಅವನ ಮೊದಲ ಪ್ರಯತ್ನ 1825ರದು. ವೋಲ್ಟಾನ ಮಾದರಿಯ ಕೋಶವನ್ನು ಬಳಸಿ, ಬೇರೆ ಬೇರೆ ಉದ್ದದ ತಂತಿಗಳನ್ನು ಜೋಡಿಸಿದಾಗ ಸೂಜಿಯ ಮೇಲಿನ ಬಲ ಎಷ್ಟು ಕುಗ್ಗುತ್ತದೆಂದು ನೋಡಿ, ಲಘುಗಣಕದ ಸೂತ್ರವೊಂದನ್ನು ಪ್ರಕಟಿಸಿದನು. ಆ ಸೂತ್ರ ನಿಲ್ಲಲಿಲ್ಲ. ಕೋಶದ ಮಂಡಲವನ್ನು ಮುಚ್ಚಿದ ಕ್ಷಣದಿಂದಲೇ ಅದರ ಬಲ ಕುಸಿಯತೊಡಗುತ್ತಿತ್ತು. ಒಂದು ತಂತಿಯನ್ನು ತೆಗೆದು ಮತ್ತೊಂದನ್ನು ಇಡುವಷ್ಟರಲ್ಲಿ ಮೂಲವೇ ಬದಲಾಗಿರುತ್ತಿತ್ತು. ಅಳೆಯುವ ಕೋಲೇ ಕುಗ್ಗುತ್ತಿದ್ದರೆ ಬಟ್ಟೆಯ ಉದ್ದವನ್ನು ಹೇಳುವುದು ಹೇಗೆ?

ಪರಿಹಾರವನ್ನು ಸೂಚಿಸಿದವನು ಪತ್ರಿಕೆಯ ಸಂಪಾದಕ ಪೊಗ್ಗೆಂಡಾರ್ಫ್. ಎರಡು ಲೋಹಗಳ ಸಂಧಿಗಳನ್ನು ಬೇರೆ ಬೇರೆ ಉಷ್ಣತೆಯಲ್ಲಿ ಇಟ್ಟರೆ ಪ್ರವಾಹ ಹುಟ್ಟುತ್ತದೆಂದು ಜೀಬೆಕ್ 1821ರಲ್ಲಿ ಕಂಡಿದ್ದನು. ಅದನ್ನೇ ಮೂಲವಾಗಿ ಬಳಸಬಾರದೇಕೆ? 1826ರ ಜನವರಿಯಲ್ಲಿ ಓಮ್ ಬಿಸ್ಮತ್ ಮತ್ತು ತಾಮ್ರದ ಜೋಡಿಯ ಒಂದು ಸಂಧಿಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಕರಗುವ ಮಂಜುಗಡ್ಡೆಯಲ್ಲಿಯೂ ಇರಿಸಿದನು. ನೀರು ಕುದಿಯುವವರೆಗೆ, ಮಂಜು ಕರಗುವವರೆಗೆ ಎರಡೂ ಉಷ್ಣತೆಗಳು ಸ್ಥಿರ. ಆದ್ದರಿಂದ ಮೂಲವೂ ಸ್ಥಿರ. ತಂತಿಯ ಮೇಲೆ ತೂಗುಬಿಟ್ಟ ಕಾಂತಸೂಜಿ ಪ್ರವಾಹದಿಂದ ಪಕ್ಕಕ್ಕೆ ಸರಿದಾಗ, ಅದನ್ನು ತೂಗಿದ್ದ ಎಳೆಯನ್ನು ತಿರುಚಿ ಮತ್ತೆ ಮೊದಲಿನ ನೆಲೆಗೆ ತರುತ್ತಿದ್ದನು. ಎಳೆಯನ್ನು ಎಷ್ಟು ತಿರುಚಬೇಕಾಯಿತೋ ಅಷ್ಟು ಪ್ರವಾಹ. ಆಂಪಿಯರ್ ಎಂಬ ಮಾನವಿಲ್ಲದೆ ಪ್ರವಾಹವನ್ನು ಅಳೆದ ಬಗೆ ಇದು.

ಒಂದೇ ದಪ್ಪದ ಎಂಟು ತಾಮ್ರದ ತಂತಿಗಳನ್ನು ಅವನು ಬಳಸಿದನು. ಉದ್ದ 2, 4, 6, 10, 18, 34, 66 ಮತ್ತು 130 ಅಂಗುಲ. ಜನವರಿ 8ರ ಸರಣಿಯಲ್ಲಿ 2 ಅಂಗುಲದ ತಂತಿಗೆ 326¾, 4 ಅಂಗುಲದ್ದಕ್ಕೆ 300¾, 66 ಅಂಗುಲದ್ದಕ್ಕೆ 83¼, 130 ಅಂಗುಲದ್ದಕ್ಕೆ 48½ ಎಂಬ ಅಂಕಗಳು ಬಂದವು. ಈ ಅಂಕಗಳನ್ನು ಸ್ವಲ್ಪ ನಿಂತು ನೋಡಬೇಕು. ತಂತಿಯ ಉದ್ದ ಇಮ್ಮಡಿಯಾದಾಗ ಪ್ರವಾಹ ಅರ್ಧವಾಗಿಲ್ಲ. ಮೊದಲ ಎರಡು ತಂತಿಗಳ ನಡುವೆ ವ್ಯತ್ಯಾಸವೇ ಅತ್ಯಲ್ಪ. ಓಮ್ ಕಂಡುಕೊಂಡ ಸೂತ್ರದಲ್ಲಿ ಸ್ಥಿರಾಂಕವೊಂದನ್ನು ತಂತಿಯ ಉದ್ದದಿಂದ ಅಲ್ಲ, ಉದ್ದಕ್ಕೆ ಇನ್ನೊಂದು ಸ್ಥಿರಾಂಕವನ್ನು ಕೂಡಿಸಿದ ಮೊತ್ತದಿಂದ ಭಾಗಿಸಬೇಕು. ಕೂಡಿಸಬೇಕಾದ ಸಂಖ್ಯೆ 20¼. ಪರೀಕ್ಷೆಯ ತಂತಿಯನ್ನು ಬಿಟ್ಟು ಮಂಡಲದಲ್ಲಿ ಇನ್ನೇನೇನಿತ್ತೋ ಅದೆಲ್ಲವೂ 20¼ ಅಂಗುಲದ ತಂತಿಯಷ್ಟೇ ಅಡ್ಡಿಪಡಿಸುತ್ತಿತ್ತು ಎಂದು ಇದರ ಅರ್ಥ. ಉಷ್ಣತೆಯ ಅಂತರವನ್ನು ಕಡಿಮೆ ಮಾಡಿದಾಗ ಮೇಲಿನ ಸ್ಥಿರಾಂಕ ಕುಗ್ಗಿತು, ಕೆಳಗಿನದು ಕದಲಲಿಲ್ಲ. ಮೂಲದ ಬಲ ಒಂದು, ಮಂಡಲದ ಅಡ್ಡಿ ಇನ್ನೊಂದು ಎಂದು ಅಂಕಗಳೇ ಎರಡನ್ನೂ ಬೇರ್ಪಡಿಸಿಕೊಟ್ಟವು. ತಂತಿ, ಸಂಧಿ, ಮೂಲ ಇವೆಲ್ಲ ಸೇರಿ ಒಂದೇ ವಸ್ತು ಎಂಬ ಅರಿವು ಆ ಪುಟ್ಟ ಸಂಖ್ಯೆಯಲ್ಲಿದೆ. ಓಮ್‌ನ ನಿಜವಾದ ಶೋಧ ಇದೇ ಎಂದು ನನ್ನ ಅಭಿಪ್ರಾಯ. ಪಠ್ಯಗಳು ಮಾತ್ರ ಇದನ್ನು ಬಿಟ್ಟು ಸೂತ್ರವನ್ನಷ್ಟೇ ಉಳಿಸಿಕೊಂಡಿವೆ.

1827ರಲ್ಲಿ ಬರ್ಲಿನ್ನಿನಲ್ಲಿ ಅವನ ಗ್ರಂಥ ಪ್ರಕಟವಾಯಿತು. ಅದರಲ್ಲಿ ಪ್ರಯೋಗ ಹಿಂದೆ ಸರಿದು, ಫೂರಿಯೆಯ ಉಷ್ಣಸಿದ್ಧಾಂತದ ಮಾದರಿಯ ಗಣಿತ ಮುಂದೆ ನಿಂತಿತು. ಪೋಲ್ ಎಂಬ ವಿಮರ್ಶಕ ಅದನ್ನು ಕಟುವಾಗಿ ಖಂಡಿಸಿದನು. ನಿರೀಕ್ಷಿಸಿದ ವಿಶ್ವವಿದ್ಯಾಲಯದ ಹುದ್ದೆ ಸಿಗಲಿಲ್ಲ; ಕಲೋನ್‌ನ ಕೆಲಸವನ್ನೂ ಬಿಟ್ಟ ಓಮ್‌ಗೆ ನ್ಯೂರೆಂಬರ್ಗಿನ ಪಾಲಿಟೆಕ್ನಿಕ್ ಶಾಲೆಯಲ್ಲಿ ಸ್ಥಾನ ದೊರೆತದ್ದು 1833ರಲ್ಲಿ. ಜರ್ಮನ್ ಬಲ್ಲವರಲ್ಲಿ ಫೆಖ್ನರ್, ರಷ್ಯಾದಲ್ಲಿದ್ದ ಲೆಂಟ್ಸ್ ಅವನ ಕೆಲಸವನ್ನು ಬೇಗನೆ ಗುರುತಿಸಿದರು. ಆದರೆ ಅಮೆರಿಕದಲ್ಲಿ ಜೋಸೆಫ್ ಹೆನ್ರಿಯಂಥ ನುರಿತ ಪ್ರಯೋಗಕಾರನೂ, ಓಮ್‌ನ ಸಿದ್ಧಾಂತ ಎಲ್ಲಿ ಸಿಗುತ್ತದೆಂದು 1834ರಲ್ಲಿ ಮಿತ್ರನಿಗೆ ಪತ್ರ ಬರೆದು ವಿಚಾರಿಸಬೇಕಾಯಿತು. 1841ರಲ್ಲಿ ಟೇಲರ್ ಸಂಪಾದಿಸುತ್ತಿದ್ದ ಅನುವಾದಮಾಲೆಯಲ್ಲಿ ಗ್ರಂಥ ಇಂಗ್ಲಿಷಿಗೆ ಬಂದಿತು. ಅದೇ ವರ್ಷ ರಾಯಲ್ ಸೊಸೈಟಿ ಓಮ್‌ಗೆ ಕಾಪ್ಲಿ ಪದಕವನ್ನಿತ್ತಿತು. ಇದನ್ನು ಅನುವಾದವೊಂದರದೇ ಗೆಲುವೆಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ಟೆಲಿಗ್ರಾಫಿನ ಉದ್ದುದ್ದ ತಂತಿಗಳನ್ನು ಎಳೆಯಹೊರಟ ಇಂಗ್ಲೆಂಡಿಗೆ, ತಂತಿ ಉದ್ದವಾದಂತೆ ಪ್ರವಾಹಕ್ಕೆ ಏನಾಗುತ್ತದೆಂಬ ಲೆಕ್ಕ ಆಗ ತುರ್ತಾಗಿ ಬೇಕಾಗಿತ್ತು. ಬೇಕಾದವರ ಕೈಗೆ ಬೇಕಾದ ಹೊತ್ತಿನಲ್ಲಿ ಅನುವಾದ ಸಿಕ್ಕಿತು.

ಅನುವಾದದೊಡನೆ ಪದಗಳೂ ಬದಲಾದವು. ಓಮ್ ತನ್ನ ಗ್ರಂಥದ ಹೆಸರಿನಲ್ಲಿ ಬಳಸಿದ ‘ಕೆಟ್ಟೆ’ ಎಂಬ ಪದಕ್ಕೆ ಜರ್ಮನ್‌ನಲ್ಲಿ ಸರಪಳಿ ಎಂದರ್ಥ. ಇಂಗ್ಲಿಷಿನಲ್ಲಿ ಅದು ‘ಸರ್ಕ್ಯೂಟ್’ ಆಯಿತು. ಕೊಂಡಿಗಳ ಚಿತ್ರ ಅಳಿದು ಸುತ್ತಿನ ಚಿತ್ರ ಉಳಿಯಿತು. ನಮ್ಮ ‘ಮಂಡಲ’ವೂ ಸುತ್ತಿನ ಕಡೆಗೇ ಇದೆ. ಒಂದು ಕೊಂಡಿ ಕಳಚಿದರೆ ಇಡೀ ಸರಪಳಿಯೇ ವ್ಯರ್ಥ ಎಂಬ ಧ್ವನಿ ಜರ್ಮನ್ ಪದದಲ್ಲಷ್ಟೇ ಇತ್ತು. ವಿಭವಕ್ಕೆ ಓಮ್ ಬಳಸಿದ ‘ವಿದ್ಯುದ್ದರ್ಶಕ ಬಲ’ ಎಂಬ ಮಾತು ಗೊಂದಲಕ್ಕೆ ಎಡೆಯಾಗಿತ್ತು. ಸ್ಥಿರವಿದ್ಯುತ್ತಿನ ವಿಭವವೇ ಅದು ಎಂದು 1849ರಲ್ಲಿ ಕಿರ್ಖಾಫ್ ಸ್ಪಷ್ಟಪಡಿಸಿದನು. 1843ರಲ್ಲಿ ವ್ಹೀಟ್‌ಸ್ಟನ್ ಗ್ರೀಕ್ ಧಾತುವಿನಿಂದ ರಿಯೋಮೀಟರ್, ರಿಯೋಮೋಟರ್, ರಿಯೋಸ್ಟಾಟ್ ಎಂದು ಪದಗಳ ಒಂದು ಕುಟುಂಬವನ್ನೇ ಕಟ್ಟಿದನು. ಇಂದು ವಿದ್ಯುತ್ತಿನ ಪ್ರಯೋಗಶಾಲೆಯಲ್ಲಿ ಉಳಿದಿರುವುದು ರಿಯೋಸ್ಟಾಟ್ ಮಾತ್ರ.

ಮಾನಗಳ ಕಥೆ ಇನ್ನೂ ತಡವಾಗಿ ಆರಂಭವಾಯಿತು. ಯಾಕೋಬಿ 1848ರಲ್ಲಿ ತಾಮ್ರದ ತಂತಿಯ ಪ್ರತಿಗಳನ್ನು ಹಂಚಿದನು. ಜೀಮೆನ್ಸ್ 1860ರಲ್ಲಿ 1 ಮೀಟರ್ ಉದ್ದದ ಪಾದರಸದ ಕಂಬವನ್ನು ಮುಂದಿಟ್ಟನು. 1881ರ ಪ್ಯಾರಿಸ್ ಸಮ್ಮೇಳನ ಓಮ್, ವೋಲ್ಟ್, ಆಂಪಿಯರ್ ಎಂಬ ಹೆಸರುಗಳನ್ನು ಅಂಗೀಕರಿಸಿತು. 1893ರಲ್ಲಿ ಶಿಕಾಗೋ ಸಮ್ಮೇಳನ, ಬೆಳ್ಳಿಯ ಲವಣದ ದ್ರಾವಣದಿಂದ ಸೆಕೆಂಡಿಗೆ 0.001118 ಗ್ರಾಂ ಬೆಳ್ಳಿಯನ್ನು ಬೇರ್ಪಡಿಸುವ ಪ್ರವಾಹವೇ 1 ಆಂಪಿಯರ್ ಎಂದು ನಿಗದಿಪಡಿಸಿತು. 2019ರಿಂದ ಈ ಮಾನವು ಎಲೆಕ್ಟ್ರಾನಿನ ಆವೇಶದ ಪ್ರಮಾಣಕ್ಕೆ ಬೆಸೆದುಕೊಂಡಿದೆ.

ಮಾನಗಳ ಹೆಸರುಗಳು ಎಲ್ಲ ಭಾಷೆಗಳಲ್ಲಿಯೂ ಒಂದೇ ಆದರೂ ಪರಿಮಾಣಗಳ ಹೆಸರುಗಳು ಹಾಗಿಲ್ಲ. ಕನ್ನಡ ಮತ್ತು ತೆಲುಗಿನಲ್ಲಿ ‘ವಿದ್ಯುತ್ ಪ್ರವಾಹ’, ಮಲಯಾಳದಲ್ಲಿ ‘ವೈದ್ಯುತ ಪ್ರವಾಹ’. ತಮಿಳು ಮಾತ್ರ ‘ಮಿನ್ನೋಟ್ಟಂ’ ಎಂದು ಮಿಂಚಿನ ಓಟವನ್ನೇ ಹೆಸರಾಗಿಸಿಕೊಂಡಿದೆ. ಓಮ್ 20¼ ಅಂಗುಲ ಎಂದು ಅಳೆದ ಆ ಅಡ್ಡಿಗೆ ಕನ್ನಡ ಪಠ್ಯ ‘ರೋಧ’ ಎನ್ನುತ್ತದೆ, ಮಲಯಾಳ ‘ಪ್ರತಿರೋಧ’ ಎನ್ನುತ್ತದೆ, ತಮಿಳು ‘ಮಿನ್‌ತಡೈ’ ಎನ್ನುತ್ತದೆ. ತಾಳವಾಡಿಯಲ್ಲಾಗಲಿ ಹೊಸೂರಿನಲ್ಲಾಗಲಿ ತಮಿಳು ಮಾಧ್ಯಮದಲ್ಲಿ ಓದುವ ಕನ್ನಡದ ಮಗುವಿಗೆ ಈ ‘ತಡೈ’ ಮನೆಯ ‘ತಡೆ’ಯಾಗಿಯೇ ಕೇಳಿಸುತ್ತದೆ. ಅದೇ ಮಗು ಕನ್ನಡ ಪಠ್ಯವನ್ನು ತೆರೆದರೆ ಮನೆಯಲ್ಲಿ ಎಂದೂ ಕೇಳದ ‘ರೋಧ’ವನ್ನು ಹೊಸದಾಗಿ ಕಲಿಯಬೇಕಾಗುತ್ತದೆ.