ಹೈದರಾಬಾದಿನ ವೀಕ್ಷಣಾಲಯದಿಂದ ಧೂಮಕೇತುವಿನವರೆಗೆ: ವೈನು ಬಪ್ಪು

ನಿಜಾಮರ ಹೈದರಾಬಾದ್ ಎಂದೊಡನೆ ಅರಮನೆ, ಮುತ್ತು ಮತ್ತು ಚಾರ್‌ಮಿನಾರ್‌ಗಳು ನೆನಪಿಗೆ ಬರುತ್ತವೆ. ಆದರೆ ಅಲ್ಲೊಂದು ಖಗೋಳ ವೀಕ್ಷಣಾಲಯವೂ ಇತ್ತೆಂಬುದು ನಮ್ಮವರಲ್ಲಿಯೇ ಅನೇಕರಿಗೆ ತಿಳಿಯದು. ನವಾಬ್ ಝಫರ್ ಜಂಗ್ ಎಂಬ ಸಿರಿವಂತರು 1901ರಲ್ಲಿ ಸ್ವಂತ ವೆಚ್ಚದಿಂದ ಸ್ಥಾಪಿಸಿದ ಈ ಸಂಸ್ಥೆಯನ್ನು ಅವರ ಮರಣಾನಂತರ, 1908ರಲ್ಲಿ, ನಿಜಾಮ ಸರ್ಕಾರ ವಹಿಸಿಕೊಂಡಿತು. ನಿಜಾಮಿಯಾ ವೀಕ್ಷಣಾಲಯವೆಂಬ ಹೆಸರಿನಲ್ಲಿ ಅದು ಆಕಾಶದ ನಕ್ಷತ್ರಗಳನ್ನು ಪಟ್ಟಿಮಾಡುವ ಅಂತರರಾಷ್ಟ್ರೀಯ ಕಾರ್ಯದಲ್ಲಿಯೂ ಪಾಲ್ಗೊಂಡಿತು. ಅಲ್ಲಿನ ಉದ್ಯೋಗಿಯೊಬ್ಬರ ಮಗನೇ ಮುಂದೆ ಜಗದ್ವಿಖ್ಯಾತರಾದ ವೈನು ಬಪ್ಪು.

ಮಲಬಾರಿನ ಮೂಲದ ಕುಟುಂಬ. ಜನನ 1927ರ ಆಗಸ್ಟ್ 10, ಮದ್ರಾಸಿನಲ್ಲಿ. ಬೇರೆ ಮಕ್ಕಳು ಆಟದ ಬಯಲಿನಲ್ಲಿ ಬೆಳೆದರೆ ಈ ಹುಡುಗ ದೂರದರ್ಶಕದ ನೆರಳಿನಲ್ಲಿ ಬೆಳೆದನೆನ್ನಬಹುದು. ನಿಜಾಂ ಕಾಲೇಜಿನ ವ್ಯಾಸಂಗದ ನಂತರ, ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು 1949ರಲ್ಲಿ ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ವಿದ್ಯೆಗಾಗಿ ವ್ಯಯಿಸಿದ ಹಣ ಎಲ್ಲಿ, ಯಾವಾಗ ಫಲಿಸುತ್ತದೆಂದು ದಾನಿಗೆ ತಿಳಿಯುವುದಿಲ್ಲ.

ಅಲ್ಲಿಗೆ ಹೋಗಿ ಕೆಲವೇ ತಿಂಗಳುಗಳಾಗಿದ್ದವು. ಜುಲೈ 2ರಂದು ತಾವು ತೆಗೆದ ಆಕಾಶದ ಛಾಯಾಚಿತ್ರದ ಗಾಜಿನ ಫಲಕದಲ್ಲಿ ಬಪ್ಪು ಒಂದು ಮಸುಕಾದ ಗುರುತನ್ನು ಕಂಡರು. ದೀರ್ಘಕಾಲ ಬೆಳಕಿಗೆ ಒಡ್ಡಿದ ಫಲಕದಲ್ಲಿ ನಕ್ಷತ್ರಗಳು ಚುಕ್ಕೆಗಳಾಗಿ ನಿಲ್ಲುತ್ತವೆ. ಅವುಗಳ ನಡುವೆ ಚಲಿಸುವ ವಸ್ತು ತನ್ನ ಚಲನೆಯನ್ನು ತಾನೇ ಬಯಲುಮಾಡುತ್ತದೆ. ಅದನ್ನು ಧೂಳಿನ ಕಲೆಯೆಂದು ಒರೆಸಿ ಬಿಡದೆ ಪರಿಶೀಲಿಸಿದ ಕಣ್ಣೇ ಇಲ್ಲಿ ಮುಖ್ಯ. ಅದೊಂದು ಹೊಸ ಧೂಮಕೇತು! ಅಧ್ಯಾಪಕ ಬಾರ್ಟ್ ಬಾಕ್ ಹಾಗೂ ಸಹಪಾಠಿ ಗಾರ್ಡನ್ ನ್ಯೂಕರ್ಕ್ ಅವರ ಹೆಸರುಗಳೂ ಸೇರಿ ಅದು ಬಪ್ಪು–ಬಾಕ್–ನ್ಯೂಕರ್ಕ್ ಧೂಮಕೇತುವೆನಿಸಿತು. ಪೆಸಿಫಿಕ್ ಖಗೋಳ ಸಂಘದ ಡೊನೊಹೊ ಧೂಮಕೇತು ಪದಕವೂ ದೊರೆಯಿತು. ಆಗ ಅವರ ವಯಸ್ಸು ಇಪ್ಪತ್ತೆರಡೂ ಅಲ್ಲ.

ವಾಸ್ತವದಲ್ಲಿ ವಿದ್ವಾಂಸರು ಅವರನ್ನು ಹೆಚ್ಚಾಗಿ ಸ್ಮರಿಸುವುದು ಇನ್ನೊಂದು ಸಾಧನೆಗಾಗಿ. ಓಲಿನ್ ವಿಲ್ಸನ್ ಜೊತೆಗೂಡಿ 1957ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಕೆಲವು ಬಗೆಯ ನಕ್ಷತ್ರಗಳ ರೋಹಿತದಲ್ಲಿ ಕ್ಯಾಲ್ಸಿಯಂ ಸೂಸುವ ರೇಖೆಯ ಅಗಲಕ್ಕೂ ಆ ನಕ್ಷತ್ರದ ನೈಜ ಪ್ರಕಾಶಕ್ಕೂ ಸಂಬಂಧವಿದೆಯೆಂದು ಅವರು ತೋರಿಸಿದರು. ನೈಜ ಪ್ರಕಾಶ ತಿಳಿದರೆ, ನಮಗೆ ಕಾಣುವ ಪ್ರಕಾಶದೊಂದಿಗೆ ಹೋಲಿಸಿ ದೂರವನ್ನು ಅಳೆಯಬಹುದು. ಇದಕ್ಕೆ ವಿಲ್ಸನ್–ಬಪ್ಪು ಪರಿಣಾಮವೆಂದೇ ಹೆಸರು.

ಅಮೆರಿಕದಲ್ಲಿಯೇ ನೆಲೆಸಬಹುದಿತ್ತು. ಅವರು ಹಿಂದಿರುಗಿದರು. ನೈನಿತಾಲಿನ ವೀಕ್ಷಣಾಲಯವನ್ನು ಕಟ್ಟುವುದರಲ್ಲಿ ಶ್ರಮಿಸಿ, 1960ರಲ್ಲಿ ಕೊಡೈಕನಾಲಿನ ಹೊಣೆ ಹೊತ್ತರು. ಅಲ್ಲಿಯದು ಹೆಚ್ಚಾಗಿ ಸೂರ್ಯನ ಅಧ್ಯಯನ. ರಾತ್ರಿಯ ಆಕಾಶಕ್ಕೆ ತಕ್ಕ ಸ್ಥಳವನ್ನು ಅರಸಿ ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರನ್ನು ಆರಿಸಿದರು. 1971ರಲ್ಲಿ ಸ್ವಾಯತ್ತವಾದ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಬೆಂಗಳೂರಿನಲ್ಲಿ ನೆಲೆಗೊಂಡದ್ದರಿಂದ ಕನ್ನಡ ನಾಡಿಗೂ ಅವರ ಋಣ ಸಂದಿತು.

ಕಾವಲೂರಿಗೆ 2.34 ಮೀಟರ್ ವ್ಯಾಸದ ದೂರದರ್ಶಕವನ್ನು ದೇಶದೊಳಗೇ ರೂಪಿಸಬೇಕೆಂಬುದು ಅವರ ಹಟವಾಗಿತ್ತು. ಕೊಳ್ಳುವುದು ಸುಲಭ, ಆದರೆ ಕೊಂಡ ಯಂತ್ರ ಮಾಡುವ ವಿದ್ಯೆಯನ್ನು ಕಲಿಸದು. ಅದರ ಕನ್ನಡಿಯನ್ನು ಬೆಂಗಳೂರಿನ ಕಾರ್ಯಾಗಾರದಲ್ಲಿಯೇ ಅರೆದು ನಯಗೊಳಿಸಲಾಯಿತು. ಅಷ್ಟರಲ್ಲಿ ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರೂ ಆಗಿದ್ದರು. ಆದರೆ ಹೃದಯದ ಶಸ್ತ್ರಚಿಕಿತ್ಸೆಯ ನಂತರ 1982ರ ಆಗಸ್ಟ್ 19ರಂದು ಮ್ಯೂನಿಕ್‌ನಲ್ಲಿ, ಐವತ್ತೈದರ ಪ್ರಾಯದಲ್ಲಿ, ನಿಧನರಾದರು. ದೂರದರ್ಶಕ ಪೂರ್ಣಗೊಂಡು 1986ರ ಜನವರಿ 6ರಂದು ಉದ್ಘಾಟನೆಯಾದಾಗ ಅದಕ್ಕೆ ಅವರ ಹೆಸರನ್ನೇ ಇಡಲಾಯಿತು.