ವರೋವಾ ನುಸಿ: ತುಡುವೆಯಿಂದ ಮೆಲ್ಲಿಫೆರಾಕ್ಕೆ

ಜಾವಾ ದ್ವೀಪದಲ್ಲಿ ತುಡುವೆ ಜಾತಿಯ ಜೇನಿನ ಮೇಲೆ ಸಿಕ್ಕ ನುಸಿಯೊಂದನ್ನು ಡಚ್ ಪ್ರಾಣಿಶಾಸ್ತ್ರಜ್ಞ ಔಡೆಮಾನ್ಸ್ 1904ರಲ್ಲಿ ವರೋವಾ ಜಾಕಬ್‌ಸೋನಿ ಎಂದು ಹೆಸರಿಸಿದರು. ಅಂದು ಅದು ಯಾರ ನಿದ್ದೆಯನ್ನೂ ಕೆಡಿಸಲಿಲ್ಲ. ತುಡುವೆಗೂ ಈ ನುಸಿಗೂ ಬಹುಕಾಲದ ಒಡನಾಟ. ತುಡುವೆಯ ಗೂಡಿನಲ್ಲಿ ನುಸಿ ಬಹುಮಟ್ಟಿಗೆ ಗಂಡುನೊಣಗಳ ಮರಿಕೋಣೆಯಲ್ಲಷ್ಟೇ ಸಂತಾನ ಬೆಳೆಸುತ್ತದೆ. ಗಂಡುಮರಿಗಳಾದರೋ ವರ್ಷದ ಕೆಲವು ತಿಂಗಳಷ್ಟೇ ಇರುತ್ತವೆ. ಮೈಗೆ ಅಂಟಿದ ನುಸಿಯನ್ನು ನೊಣಗಳು ಕಚ್ಚಿ ಕಿತ್ತೆಸೆಯುವುದೂ ಉಂಟು. ಕೊಡಗು, ಮಲೆನಾಡಿನ ಪೆಟ್ಟಿಗೆಗಳಲ್ಲಿ ತಲೆಮಾರುಗಳಿಂದ ಸಾಕಿ ಬಂದಿರುವುದು ಇದೇ ತುಡುವೆಯನ್ನು.

ಈ ಸಮತೋಲ ಕೆಟ್ಟದ್ದು ಮನುಷ್ಯನ ಸಾಗಾಟದಿಂದ. ಯೂರೋಪಿನ ಮೆಲ್ಲಿಫೆರಾ ಜೇನನ್ನು ರಷ್ಯಾದ ದೂರಪೂರ್ವಕ್ಕೂ ಜಪಾನಿಗೂ ಒಯ್ದು ತುಡುವೆಯ ನೆರೆಯಲ್ಲಿ ಇಟ್ಟರು. ಇಪ್ಪತ್ತನೆಯ ಶತಮಾನದ ನಡುವೆ ನುಸಿ ಹೊಸ ಆಶ್ರಯ ಹಿಡಿಯಿತು. ಮೆಲ್ಲಿಫೆರಾದ ಗೂಡಿನಲ್ಲಿ ಅದು ಕೆಲಸಗಾರ ನೊಣಗಳ ಕೋಣೆಯಲ್ಲೂ ಮರಿ ಹಾಕಬಲ್ಲದು. ಮುಚ್ಚಳ ಬೀಳುವ ತುಸು ಮುನ್ನ ತಾಯಿನುಸಿ ಕೋಣೆ ಹೊಕ್ಕು, ಹುಳುವಿನ ಆಹಾರದಡಿ ಅಡಗುತ್ತದೆ. ಮುಚ್ಚಳ ಬಿದ್ದ ಎರಡು ಮೂರು ದಿನಗಳಲ್ಲಿ ಮೊದಲ ಮೊಟ್ಟೆ. ಅದರಿಂದ ಗಂಡು ಹುಟ್ಟುತ್ತದೆ. ಆಮೇಲಿನ ಮೊಟ್ಟೆಗಳೆಲ್ಲ ಹೆಣ್ಣು. ಒಡಹುಟ್ಟಿದವೇ ಅಲ್ಲಿ ಕೂಡುತ್ತವೆ. ಎಳೆ ನೊಣ ಹೊರಬರುವಾಗ ಬಸಿರಾದ ಹೆಣ್ಣುನುಸಿಗಳೂ ಜೊತೆಗೇ ಬರುತ್ತವೆ. ಅವು ರೆಕ್ಕೆ ಮುರುಟಿಸುವ ವೈರಸ್ಸನ್ನೂ ಹೊತ್ತು ಹಬ್ಬಿಸುತ್ತವೆ. ಕುಟುಂಬ ಕುಸಿಯಲು ಇಷ್ಟು ಸಾಕು.

ಮುಂದಿನ ಹಾದಿಯೂ ಪೆಟ್ಟಿಗೆಗಳ ಜೊತೆಗಿನದೇ: 1967ರಲ್ಲಿ ಬಲ್ಗೇರಿಯ, 1977ರಲ್ಲಿ ಜರ್ಮನಿ, 1987ರಲ್ಲಿ ಅಮೆರಿಕ, 1992ರಲ್ಲಿ ಇಂಗ್ಲೆಂಡ್, 2000ದಲ್ಲಿ ನ್ಯೂಜಿಲೆಂಡ್. ಅದೇ 2000ದಲ್ಲಿ ಆಸ್ಟ್ರೇಲಿಯದ ಆಂಡರ್‌ಸನ್ ಮತ್ತು ಟ್ರೂಮನ್, ಈ ಹಾವಳಿ ಎಬ್ಬಿಸಿದ್ದು ಔಡೆಮಾನ್ಸ್ ವರ್ಣಿಸಿದ ನುಸಿಯಲ್ಲ, ಬೇರೊಂದು ಪ್ರಭೇದ ಎಂದು ತೋರಿಸಿ, ಅದನ್ನು ವರೋವಾ ಡಿಸ್ಟ್ರಕ್ಟರ್ ಎಂದು ಹೆಸರಿಸಿದರು. ಅಲ್ಲಿಯವರೆಗಿನ ನೂರಾರು ಪ್ರಬಂಧಗಳು ಒಂದರ ಹೆಸರಿನಲ್ಲಿ ಇನ್ನೊಂದರ ಚರಿತ್ರೆ ಬರೆದಿದ್ದವು. ನುಸಿ ಹೀರುವುದು ನೊಣದ ರಕ್ತದ್ರವವನ್ನು ಎಂಬ ದಶಕಗಳ ನಂಬಿಕೆಯೂ 2019ರಲ್ಲಿ ಅಲುಗಿತು. ಸ್ಯಾಮ್ಯುಯೆಲ್ ರ‍್ಯಾಮ್ಸೆ ಮತ್ತು ಸಂಗಡಿಗರು, ಅದರ ಮುಖ್ಯ ಆಹಾರ ನೊಣದ ಕೊಬ್ಬಿನ ಅಂಗಾಂಶ ಎಂದು ತೋರಿಸಿದರು. ರೋಗನಿರೋಧವೂ ವಿಷ ನಿವಾರಣೆಯೂ ಆ ಅಂಗಾಂಶವನ್ನೇ ನೆಚ್ಚಿಕೊಂಡಿರುವುದರಿಂದ ಇದು ಬಲು ದೊಡ್ಡ ತಿದ್ದುಪಡಿ ಎಂದು ನನ್ನ ಎಣಿಕೆ.

ಕಟ್ಟುನಿಟ್ಟಿನ ಕಾವಲಿದ್ದ ಆಸ್ಟ್ರೇಲಿಯದಲ್ಲೂ 2022ರ ಜೂನ್‌ನಲ್ಲಿ ನ್ಯೂಕಾಸಲ್ ಬಂದರಿನ ಬಳಿ ನುಸಿ ಪತ್ತೆಯಾಯಿತು. ಸಾವಿರಾರು ಕುಟುಂಬಗಳನ್ನು ಕೊಂದರೂ ಫಲ ಸಿಗದೆ, 2023ರ ಸೆಪ್ಟೆಂಬರ್‌ನಲ್ಲಿ ನಿರ್ಮೂಲನ ಯತ್ನ ಕೈಬಿಡಲಾಯಿತು.

ಭಾರತದಲ್ಲಿ 1962ರಲ್ಲಿ ನಗ್ರೋಟಾದಲ್ಲಿ ನೆಲೆಗೊಂಡ ಮೆಲ್ಲಿಫೆರಾ ಇಂದು ನಮ್ಮ ತೋಟಗಳಲ್ಲೂ ಇದೆ. ಹೆಜ್ಜೇನಿನ ಮೇಲೆ ಬಾಳುವ ಟ್ರೊಪಿಲೇಲಾಪ್ಸ್ ಎಂಬ ಇನ್ನೊಂದು ನುಸಿಯೂ ಅದಕ್ಕೆ ದಾಟಬಲ್ಲದು. ಆದ್ದರಿಂದ ಜೇನುಕೃಷಿಕರಲ್ಲಿ ವಿನಂತಿ: ಹೊರಗಿನ ಪೆಟ್ಟಿಗೆಯನ್ನು ತೋಟಕ್ಕೆ ಇಳಿಸುವ ಮುನ್ನ ಮುಚ್ಚಿದ ಮರಿಕೋಣೆಗಳನ್ನು ಕೆಲವಾದರೂ ಬಿಡಿಸಿ ನೋಡಿ.