ನಡವಳಿಯಲ್ಲಿ ಗೀಟು ಬಿದ್ದ ಪ್ರಬಂಧ

ವಿದ್ಯಾರ್ಥಿಗಳು ಬರೆದುದನ್ನು ಇತಿಹಾಸದ ಆಕರವೆಂದು ನಾವು ಎಣಿಸುವುದು ಕಡಿಮೆ. ಕಾಲೇಜಿನ ಸಂಘದಲ್ಲಿ ಓದಿದ ಪ್ರಬಂಧ ಮರುವಾರಕ್ಕೆ ಮರೆತುಹೋಗುತ್ತದೆ. ಸಂಘದ ನಡವಳಿ ಪುಸ್ತಕ ಗೆದ್ದಲಿನ ಪಾಲಾಗುತ್ತದೆ. ಆದರೂ ಕೆಲವೊಮ್ಮೆ ಒಂದು ದೊಡ್ಡ ಪ್ರಶ್ನೆ ಮೊದಲು ಕೇಳಿಬರುವುದು ಆಚಾರ್ಯರ ಪೀಠದಿಂದಲ್ಲ, ವಿದ್ಯಾರ್ಥಿಗಳ ಬೆಂಚಿನಿಂದ. ಇಂದು ನರವಿಜ್ಞಾನಕ್ಕೂ ಸಮಾಜಕ್ಕೂ ಇರುವ ನಂಟನ್ನು ಕುರಿತು ವಿಶ್ವವಿದ್ಯಾಲಯಗಳ ಎಳೆಯರು ಉತ್ಸಾಹದಿಂದ ಬರೆಯುತ್ತಿದ್ದಾರೆ. ಮಿದುಳಿಗೆ ಪೆಟ್ಟು ಬಿದ್ದವನು ತಪ್ಪೆಸಗಿದರೆ ಹೊಣೆ ಯಾರದು, ಮನೋರೋಗಿಯನ್ನು ಸಮಾಜ ಹೇಗೆ ನಡೆಸಿಕೊಳ್ಳಬೇಕು ಎಂಬಂಥ ಪ್ರಶ್ನೆಗಳು ಅವರವು. ಈ ಪ್ರಶ್ನೆಗಳಿಗೆ ಒಂದು ಪೂರ್ವಚರಿತ್ರೆಯಿದೆ. ಅದರ ಒಂದು ಅಧ್ಯಾಯವನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ. ಅದು ನಡೆದುದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ, ಹೆಚ್ಚುಕಡಿಮೆ ಎರಡು ಶತಮಾನಗಳ ಹಿಂದೆ.

ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 1823ರಲ್ಲಿ ಪ್ಲೀನಿಯನ್ ಸೊಸೈಟಿ ಎಂಬ ವಿದ್ಯಾರ್ಥಿ ಸಂಘ ಹುಟ್ಟಿತು. ಪ್ರಾಚೀನ ರೋಮಿನ ನಿಸರ್ಗ ಚರಿತ್ರಕಾರ ಪ್ಲೀನಿಯ ಹೆಸರು ಅದಕ್ಕೆ. ಸಭೆ ಸೇರುತ್ತಿದ್ದುದು ವಿಶ್ವವಿದ್ಯಾಲಯದ ನೆಲಮಾಳಿಗೆಯ ಕೋಣೆಯೊಂದರಲ್ಲಿ. ಹುಡುಗರು ಪ್ರಬಂಧ ಓದುವುದು, ಉಳಿದವರು ಅದನ್ನು ಹಿಂಜಿ ನೋಡುವುದು ಅಲ್ಲಿನ ಪದ್ಧತಿ. 1826ರ ನವೆಂಬರಿನಲ್ಲಿ ಚಾರ್ಲ್ಸ್ ಡಾರ್ವಿನ್ ಎಂಬ ಹದಿನೇಳರ ಹುಡುಗ ಈ ಸಂಘ ಸೇರಿದ. ವೈದ್ಯ ಕಲಿಯಲು ಬಂದವನು. ಅರಿವಳಿಕೆಯಿಲ್ಲದೆ ನಡೆಯುತ್ತಿದ್ದ ಶಸ್ತ್ರಚಿಕಿತ್ಸೆಗಳನ್ನು ನೋಡಲಾರದೆ ಎದ್ದು ಓಡಿದವನು. ಕೊನೆಗೆ ಸಮುದ್ರತೀರದ ಹುಳುಹುಪ್ಪಟೆಗಳಲ್ಲಿ ಮನಸ್ಸು ನೆಟ್ಟವನು. ಅವನಿಗಿಂತ ನಾಲ್ಕು ವರ್ಷ ಹಿರಿಯನಾದ ವಿಲಿಯಂ ಬ್ರೌನ್ ಎಂಬ ವೈದ್ಯ ವಿದ್ಯಾರ್ಥಿ ಆ ಸಂಘದ ಗಟ್ಟಿ ದನಿ. ಮನುಷ್ಯನ ಉದಾತ್ತ ಭಾವಗಳನ್ನು ತೋರಲೆಂದೇ ಸೃಷ್ಟಿಕರ್ತನು ಅವನ ಮುಖಕ್ಕೆ ವಿಶೇಷ ಸ್ನಾಯುಗಳನ್ನು ಕೊಟ್ಟಿದ್ದಾನೆಂದು ಹೆಸರಾಂತ ಅಂಗರಚನಾ ಪಂಡಿತ ಚಾರ್ಲ್ಸ್ ಬೆಲ್ ಬರೆದಿದ್ದನಷ್ಟೆ. ಆ ಮಾತನ್ನೇ ಬ್ರೌನ್ ಆ ವರ್ಷದ ಡಿಸೆಂಬರಿನಲ್ಲಿ ಖಂಡಿಸಲು ನಿಂತ.

1827ರ ಮಾರ್ಚ್ 27ರ ಸಭೆಯಲ್ಲಿ ಡಾರ್ವಿನ್ ತನ್ನ ಮೊದಲ ವೈಜ್ಞಾನಿಕ ಶೋಧವನ್ನು ಮಂಡಿಸಿದ. ಸಿಂಪಿಯ ಚಿಪ್ಪಿನಲ್ಲಿ ಕಾಣುವ ಕಪ್ಪು ಕಾಳುಗಳು ಸಮುದ್ರದ ಜಿಗಣೆಯ ಮೊಟ್ಟೆಗಳು ಎಂಬುದು ಅದರಲ್ಲೊಂದು. ಅದೇ ಸಭೆಯಲ್ಲಿ ಬ್ರೌನ್ ಓದಿದ ಪ್ರಬಂಧ ಮನಸ್ಸನ್ನು ಕುರಿತದ್ದು. ಮನಸ್ಸೂ ಪ್ರಜ್ಞೆಯೂ ಮಿದುಳಿನಿಂದ ಬೇರೆಯಾದ ವಸ್ತುಗಳಲ್ಲ, ಅವು ಭೌತಿಕವಾದವೇ ಎಂಬುದು ಅದರ ಸಾರ. ಚರ್ಚೆ ಕಾವೇರಿತು. ಆಮೇಲೆ ಯಾರೋ ನಡವಳಿ ಪುಸ್ತಕ ತೆಗೆದು, ಆ ಪ್ರಬಂಧದ ವರದಿಯ ಮೇಲೆ ಗೀಟು ಎಳೆದರು. ಅದಕ್ಕೂ ತೃಪ್ತಿಯಾಗದೆ, ಹೀಗೊಂದು ಪ್ರಬಂಧ ಓದುವೆನೆಂದು ಬ್ರೌನ್ ಹಿಂದಿನ ಸಭೆಯಲ್ಲಿ ಕೊಟ್ಟಿದ್ದ ಸೂಚನೆಯನ್ನೂ ಹೊಡೆದುಹಾಕಿದರು. ಜಿಗಣೆಯ ಮೊಟ್ಟೆ ಉಳಿಯಿತು, ಮನುಷ್ಯನ ಮನಸ್ಸು ಅಳಿಯಿತು!

ಇಷ್ಟು ಭಯವೇಕೆ? ಕಾರಣ ಆ ಕಾಲದಲ್ಲಿದೆ. ಮನಸ್ಸು ಮಿದುಳಿನ ಕ್ರಿಯೆ ಎಂದೊಡನೆ ಆತ್ಮದ ಗತಿಯೇನು, ಪಾಪಪುಣ್ಯಗಳ ಗತಿಯೇನು ಎಂಬ ಕೇಳ್ವಿ ಏಳುತ್ತದೆ. ಆ ಪಾಪಪುಣ್ಯಗಳ ಮೇಲೆಯೇ ಚರ್ಚೂ ರಾಜ್ಯವೂ ನಿಂತಿವೆಯೆಂದು ದೊಡ್ಡವರು ನಂಬಿದ್ದರು. ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಲಾರೆನ್ಸ್ ಇದೇ ಬಗೆಯ ಉಪನ್ಯಾಸಗಳನ್ನು 1819ರಲ್ಲಿ ಅಚ್ಚು ಹಾಕಿಸಿ, ಟೀಕೆಗೆ ಅಂಜಿ ಪುಸ್ತಕವನ್ನು ಹಿಂದಕ್ಕೆ ಪಡೆದಿದ್ದ. 1822ರಲ್ಲಿ ನ್ಯಾಯಾಲಯವು ಆ ಗ್ರಂಥ ಧರ್ಮವಿರುದ್ಧವೆಂಬ ಕಾರಣಕ್ಕೆ ಅದರ ಹಕ್ಕುಸ್ವಾಮ್ಯವನ್ನೇ ರಕ್ಷಿಸಲು ಒಪ್ಪಲಿಲ್ಲ. ಹೆಸರಾದ ವೈದ್ಯನ ಪಾಡು ಹೀಗಿದ್ದಾಗ, ವಿದ್ಯಾರ್ಥಿಯ ಪ್ರಬಂಧಕ್ಕೆ ಗೀಟು ಬಿದ್ದುದು ಅಚ್ಚರಿಯಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನು ಮರೆಮಾಚಬಾರದು. ಬ್ರೌನ್ ನೆಚ್ಚಿದ್ದ ವಿಜ್ಞಾನ ನಿಜವಾದ ವಿಜ್ಞಾನವಾಗಿರಲಿಲ್ಲ. ಜರ್ಮನ್ ವೈದ್ಯ ಗಾಲ್ ಆರಂಭಿಸಿದ ಕಪಾಲಶಾಸ್ತ್ರ ಆಗ ಎಡಿನ್‌ಬರೋವನ್ನು ಆವರಿಸಿತ್ತು; ಅದಕ್ಕೆಂದೇ 1820ರಲ್ಲಿ ಅಲ್ಲಿ ಸಂಘ ಹುಟ್ಟಿತ್ತು. ಮಿದುಳಿನ ಒಂದೊಂದು ಭಾಗ ಒಂದೊಂದು ಗುಣದ ನೆಲೆ. ಗುಣ ಬಲಿತರೆ ಆ ಭಾಗ ಉಬ್ಬುತ್ತದೆ. ಮಿದುಳು ಉಬ್ಬಿದಲ್ಲಿ ಬುರುಡೆಯೂ ಉಬ್ಬುತ್ತದೆ. ಆದ್ದರಿಂದ ತಲೆ ಸವರಿ ಶೀಲವನ್ನು ಹೇಳಬಹುದು ಎಂಬುದು ಅವರ ವಾದ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಹಣೆಬರಹವನ್ನು ಬೆರಳಿನಿಂದ ಓದುವ ವಿದ್ಯೆ. ಮೊದಲ ಹೆಜ್ಜೆಯಲ್ಲಿ ಸತ್ಯದ ಒಂದು ಎಳೆಯಿತ್ತು; ಉಳಿದುದು ಕಟ್ಟುಕತೆ. ಕಟ್ಟುಕತೆಯಾದರೂ ಅದು ಕಡಲು ದಾಟಿತು. ಕಲ್ಕತ್ತೆಯಲ್ಲಿದ್ದ ಪ್ಯಾಟರ್ಸನ್ ಎಂಬ ವೈದ್ಯ ಹಿಂದೂಸ್ತಾನದವರ ತಲೆಬುರುಡೆಗಳಿಂದ ನಮ್ಮ ಜನರ ಸ್ವಭಾವವನ್ನು ನಿರ್ಣಯಿಸಿ ಬರೆದ ಲೇಖನವನ್ನು ಎಡಿನ್‌ಬರೋದ ಕಪಾಲಶಾಸ್ತ್ರ ಸಂಘ 1824ರಲ್ಲಿ ಪ್ರಕಟಿಸಿತು. ಆಳುವವರ ಕೈಗೆ ಇಂಥ ಅಳತೆಗೋಲು ಸಿಕ್ಕರೆ ಏನಾಗುತ್ತದೆಂದು ನಮಗೆ ಹೇಳಬೇಕಾಗಿಲ್ಲ.

ಹಾಗಾದರೆ ಬ್ರೌನನ ಪ್ರಬಂಧ ಅಳಿದದ್ದೇ ಲೇಸಾಯಿತೆ? ಹಾಗೆನ್ನುವ ಮೊದಲು ಅವನ ಮುಂದಿನ ಬಾಳನ್ನು ನೋಡಬೇಕು. 1834ರಲ್ಲಿ ಅವನು ಮಾಂಟ್ರೋಸ್ ಊರಿನ ಹುಚ್ಚಾಸ್ಪತ್ರೆಯ ಮುಖ್ಯಸ್ಥನಾದ. ಅಂಥ ಆಲಯಗಳು ಹಿಂದೆ ಹೇಗಿದ್ದವು, ಈಗ ಹೇಗಿವೆ, ಮುಂದೆ ಹೇಗಿರಬೇಕು ಎಂಬುದನ್ನು ಕುರಿತು ಅವನು ಮಾಡಿದ ಐದು ಉಪನ್ಯಾಸಗಳು 1837ರಲ್ಲಿ ಪುಸ್ತಕವಾದವು. ನೆಲಮಾಳಿಗೆಯ ಆ ವಾದ ಇಲ್ಲಿ ಫಲ ಕೊಟ್ಟಿತು. ಮನಸ್ಸು ಮಿದುಳಿನದಾದರೆ ಹುಚ್ಚು ಮಿದುಳಿನ ಕಾಯಿಲೆ. ಕಾಯಿಲೆಯಾದರೆ ಅದು ಪಾಪವಲ್ಲ, ಶಾಪವಲ್ಲ, ಭೂತಚೇಷ್ಟೆಯಲ್ಲ. ಅಲ್ಲವಾದ ಮೇಲೆ ರೋಗಿಗೆ ಸರಪಳಿಯೇಕೆ, ಬೆತ್ತವೇಕೆ? ಅವನಿಗೆ ಬೇಕಾದುದು ಬೆಳಕು, ಗಾಳಿ, ಉದ್ಯೋಗ, ಅಕ್ಕರೆಯ ಮಾತು. ಬುರುಡೆಯ ಲೆಕ್ಕ ಸುಳ್ಳಾದರೂ ಅದರಿಂದ ಅವನು ಪಡೆದ ಕರುಣೆ ಸುಳ್ಳಾಗಲಿಲ್ಲ. ನಮ್ಮ ಆಡುಮಾತೂ ಈ ವಿಷಯದಲ್ಲಿ ಸ್ವಾರಸ್ಯವಾಗಿದೆ: ದುಃಖಿಗೆ ‘ಮನಸ್ಸು ಕೆಟ್ಟಿತು’ ಎನ್ನುತ್ತೇವೆ, ಹುಚ್ಚನಿಗೆ ‘ತಲೆ ಕೆಟ್ಟಿತು’ ಎನ್ನುತ್ತೇವೆ. ಮೊದಲನೆಯವನನ್ನು ಸಂತೈಸುತ್ತೇವೆ, ಎರಡನೆಯವನನ್ನು ಕಂಡು ನಗುತ್ತೇವೆ. ಕೆಡುವ ತಲೆಯೂ ಕೆಡುವ ಮನಸ್ಸೂ ಒಂದೇ ಎಂದು ತಿಳಿದರೆ ಆ ನಗೆ ನಿಲ್ಲಬೇಕಲ್ಲವೆ?

ಬ್ರೌನನ ಪುಸ್ತಕವನ್ನು ಓದಿ ಮೆಚ್ಚಿದವಳು ಎಲಿಜಬೆತ್ ಕ್ರೈಟನ್ ಎಂಬ ವಿಧವೆ. ಅವಳ ಗಂಡ ಭಾರತದಲ್ಲಿ ಗವರ್ನರ್ ಜನರಲ್ಲನ ವೈದ್ಯನಾಗಿದ್ದು ಅಪಾರ ಹಣ ಗಳಿಸಿ ಮರಳಿದವನು. ಆ ಹಣದಿಂದ ಡಂಫ್ರೀಸ್ ಊರಿನಲ್ಲಿ ಒಂದು ವಿಶ್ವವಿದ್ಯಾಲಯವನ್ನು ಸ್ಥಾಪಿಸಬೇಕೆಂಬುದು ಅವಳ ಆಸೆ. ಅದು ಕೈಗೂಡದೆ ಹೋದಾಗ ಆ ಹಣ ಮನೋರೋಗಿಗಳ ಆಲಯಕ್ಕೆ ಸಂದಿತು. 1838ರಲ್ಲಿ ಬ್ರೌನ್ ಅದರ ಮೊದಲ ಮುಖ್ಯಸ್ಥನಾಗಿ ನೇಮಕಗೊಂಡ. ಅಲ್ಲಿ ರೋಗಿಗಳು ನಾಟಕವಾಡಿದರು, ಚಿತ್ರ ಬರೆದರು. 1844ರಿಂದ ‘ನ್ಯೂ ಮೂನ್’ ಎಂಬ ತಮ್ಮದೇ ಪತ್ರಿಕೆ ಹೊರಡಿಸಿದರು. ತನ್ನ ಬರಹಕ್ಕೆ ಗೀಟು ಬಿದ್ದುದನ್ನು ಕಂಡವನು ಯಾರೂ ಕಿವಿಗೊಡದವರ ಬರಹಕ್ಕೆ ಎಡೆ ಮಾಡಿಕೊಟ್ಟ.

ಕಥೆ ಇಲ್ಲಿಗೆ ಮುಗಿದಿದ್ದರೆ ಸೊಗಸಾಗಿತ್ತು. ಬ್ರೌನನ ಮಗ ಜೇಮ್ಸ್, ಆ ದಾನಿಯ ಗೌರವಕ್ಕಾಗಿ ಕ್ರೈಟನ್-ಬ್ರೌನ್ ಎಂದು ಹೆಸರು ಹೊತ್ತವನು, ಅದೇ ಎಡಿನ್‌ಬರೋದಲ್ಲಿ ವೈದ್ಯ ಓದಿದ. ಮಕ್ಕಳ ಮನೋರೋಗಗಳನ್ನು ಕುರಿತು ವಿದ್ಯಾರ್ಥಿಯಾಗಿದ್ದಾಗಲೇ ಅವನು ಬರೆದ ಪ್ರಬಂಧ 1860ರಲ್ಲಿ ಪ್ರಕಟವಾಯಿತು. ಈ ಸಲ ಗೀಟು ಬೀಳಲಿಲ್ಲ. ಮುಂದೆ ಅವನ ಅಧೀನದಲ್ಲಿದ್ದ ವೇಕ್‌ಫೀಲ್ಡಿನ ಆಲಯದಲ್ಲಿಯೇ ಡೇವಿಡ್ ಫೆರಿಯರ್ 1873ರಲ್ಲಿ ಪ್ರಾಣಿಗಳ ಮಿದುಳಿಗೆ ವಿದ್ಯುತ್ ಹರಿಸಿ, ಚಲನೆಯ ನೆಲೆಗಳನ್ನು ಪ್ರಯೋಗದಿಂದ ಗುರುತಿಸಿದ. ಬುರುಡೆ ಸವರಿದವರು ಊಹಿಸಿದ್ದನ್ನು ಈತ ಅಳೆದು ನೋಡಿದ. ಈ ಇಬ್ಬರೂ ಮತ್ತಿಬ್ಬರೊಡನೆ ಸೇರಿ 1878ರಲ್ಲಿ ಸ್ಥಾಪಿಸಿದ ‘ಬ್ರೇನ್’ ಪತ್ರಿಕೆ ಈಗಲೂ ನಡೆದಿದೆ. ಆದರೆ ಇದೇ ಜೇಮ್ಸ್ 1892ರಲ್ಲಿ, ಹೆಣ್ಣಿನ ಮಿದುಳು ಬೇರೆ ಬಗೆಯದು, ಹೆಚ್ಚಿನ ಓದು ಅವಳಿಗೆ ಹಾನಿ ಎಂದು ವಾದಿಸಿದ; ವೈದ್ಯೆ ಎಲಿಜಬೆತ್ ಗ್ಯಾರೆಟ್ ಆಂಡರ್ಸನ್ ಅದನ್ನು ಪ್ರತಿಭಟಿಸಬೇಕಾಯಿತು. 1908ರಲ್ಲಿ ಆತ ಸುಸಂತತಿವಾದಿಗಳ ಸಂಘಕ್ಕೆ ಅಧ್ಯಕ್ಷನೂ ಆದ. ತಂದೆ ಯಾವ ತತ್ತ್ವದಿಂದ ರೋಗಿಯ ಮಾನವನ್ನು ಎತ್ತಿಹಿಡಿದನೋ, ಆ ತತ್ತ್ವದ ಹೆಸರಿನಲ್ಲಿಯೇ ಮಗನ ಕಾಲದವರು ಹುಟ್ಟಲು ಯೋಗ್ಯರಾರು, ಅಯೋಗ್ಯರಾರು ಎಂದು ಮನುಷ್ಯರನ್ನು ಕೇರತೊಡಗಿದರು.

ಇನ್ನು ಡಾರ್ವಿನ್. 1872ರಲ್ಲಿ ಅವನು ಭಾವಗಳ ಅಭಿವ್ಯಕ್ತಿಯನ್ನು ಕುರಿತು ದೊಡ್ಡ ಗ್ರಂಥ ಬರೆದಾಗ, ನೆಲಮಾಳಿಗೆಯಲ್ಲಿ ಬ್ರೌನ್ ಎದುರಿಸಿದ್ದ ಚಾರ್ಲ್ಸ್ ಬೆಲ್ಲನ ಮತವನ್ನೇ ಸಾಕ್ಷ್ಯಾಧಾರಗಳೊಡನೆ ನಿರಾಕರಿಸಿದ. ಆ ಗ್ರಂಥಕ್ಕೆ ರೋಗಿಗಳನ್ನು ಕುರಿತ ವಿವರಗಳನ್ನೂ ಛಾಯಾಚಿತ್ರಗಳನ್ನೂ ಒದಗಿಸಿದವನು ಜೇಮ್ಸ್. ಎಳೆಯನೊಬ್ಬನ ಮಾತು ನಲವತ್ತೈದು ವರ್ಷ ನೆಲದೊಳಗೆ ಹರಿದು ಬೇರೊಂದು ಕಡೆ ಚಿಲುಮೆಯಾಗಿ ಬಂತು.

ವಿದ್ಯಾರ್ಥಿ ಬರೆದದ್ದೆಲ್ಲ ಸರಿಯಾಗಿರಬೇಕೆಂದು ನಿರೀಕ್ಷಿಸುವುದು ತಪ್ಪು. ಸರಿಯಿಲ್ಲವೆಂದು ಗೀಟು ಎಳೆಯುವುದು ಇನ್ನೂ ದೊಡ್ಡ ತಪ್ಪು. ಬ್ರೌನನ ವಾದವನ್ನು ಬಹಿರಂಗವಾಗಿ ಪರೀಕ್ಷಿಸಿದ್ದರೆ ಜೊಳ್ಳು ಬೇಗ ಹಾರಿಹೋಗಿ ಕಾಳು ಉಳಿಯುತ್ತಿತ್ತು. ಮಿದುಳನ್ನು ಕುರಿತು ಬರೆಯುವ ಇಂದಿನ ಎಳೆಯರು ತಮ್ಮ ಪ್ರತಿಯೊಂದು ಸಿದ್ಧಾಂತಕ್ಕೂ ಎರಡು ಪ್ರಶ್ನೆಗಳನ್ನು ಹಾಕಿಕೊಳ್ಳಲಿ: ಇದನ್ನು ಅಳೆದು ನೋಡಿದೆಯೆ? ಇದರಿಂದ ಯಾರ ಸರಪಳಿ ಕಳಚುತ್ತದೆ, ಯಾರ ಕಾಲಿಗೆ ಬೀಳುತ್ತದೆ? ಗೀಟು ಎಳೆದವರ ಹೆಸರು ಇಂದು ಯಾರಿಗೂ ತಿಳಿಯದು. ಗೀಟಿನ ಕೆಳಗಿನ ಅಕ್ಷರಗಳನ್ನು ಮಾತ್ರ ವಿದ್ವಾಂಸರು ಓದಿದ್ದಾರೆ. ಡಂಫ್ರೀಸಿನ ಆ ಆಲಯದ ಆವರಣದಲ್ಲಿ 1999ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯ ತನ್ನ ಶಾಖೆಯನ್ನು ತೆರೆಯಿತು. ಎಲಿಜಬೆತ್ ಕ್ರೈಟನ್ ಬಯಸಿದ್ದ ವಿದ್ಯಾರ್ಥಿಗಳು, ತಡವಾಗಿಯಾದರೂ, ಅಲ್ಲಿಗೆ ಬಂದರು.